ಹಡಗು ಹತ್ತಿದ ಮೊದಲ ಸಂಜೆ ಏನೇನು ಮಾಡಬೇಕು: ಕಲಬುರಗಿ ಕಡೆಯವರಿಗೆ

ಕಲಬುರಗಿ, ಬೀದರ್, ಯಾದಗಿರಿ ಮಂದಿಗೆ ಸಮುದ್ರ ದೂರ. ಆದರೂ ಮುಂಬೈಗೆ ಹೋಗಿ ಕ್ರೂಸ್ ಹತ್ತುವವರು ಈಗ ನಮ್ಮಲ್ಲೂ ಇದ್ದಾರೆ. ರಿಟೈರ್ ಆದ ಅಪ್ಪ-ಅವ್ವನನ್ನು ಕರೆದುಕೊಂಡು ಹೋಗುವವರು, ಹೊಸದಾಗಿ ಮದುವೆಯಾದವರು, ಮಕ್ಕಳ ರಜೆಗೆ ನಾಲ್ಕು ಮನೆಯವರು ಸೇರಿ ಹೊರಡುವವರು. ಬುಕ್ ಮಾಡುವ ಮುಂಚೆ ಎಲ್ಲರೂ ಕೇಳುವುದು ಕ್ಯಾಬಿನ್ ರೇಟು ಎಷ್ಟು, ಗೋವಾದಲ್ಲಿ ಎಷ್ಟು ಹೊತ್ತು ಇಳಿಸುತ್ತಾರೆ, ಇವೆರಡೇ. ಮೊದಲ ಸಂಜೆ ಬಗ್ಗೆ ಯಾರೂ ಕೇಳುವುದಿಲ್ಲ. ಪ್ರವಾಸ ಇರುವುದೇ ಎರಡು-ಮೂರು ರಾತ್ರಿ. ಅದರಲ್ಲಿ ಮೊದಲ ಸಂಜೆ ಬ್ಯಾಗು ಹುಡುಕುವುದರಲ್ಲಿ, ಊಟದ ಕ್ಯೂನಲ್ಲಿ, ತಲೆಸುತ್ತಿನಲ್ಲಿ ಹೋಗಿಬಿಟ್ಟರೆ ಉಳಿಯುವುದೇನು ಹೇಳಿ? ಕೆಲವು ಕೆಲಸ ಹಡಗು ದಡ ಬಿಡುವ ಮುಂಚೆಯೇ ಆಗಬೇಕು. ಅವು ಆದರೆ ರಾತ್ರಿ ಊಟ ನೆಮ್ಮದಿಯಾಗಿ ಆಗುತ್ತದೆ. ಊಟ ಸರಿಯಾದರೆ ಉಳಿದದ್ದೆಲ್ಲಾ ತಾನಾಗೇ ಸರಿಹೋಗುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಹೊರಡುವ ಮುಂಚಿನ ಮಾತು

ಸಾಧ್ಯವಾದರೆ ಒಂದು ದಿನ ಮೊದಲೇ ಮುಂಬೈ ಸೇರಿ. ಯಾದಗಿರಿ, ವಾಡಿ, ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಮುಂಬೈ ಸಿಎಸ್‌ಎಂಟಿಗೆ ಹೋಗುತ್ತದೆ. ಹೈದರಾಬಾದ್‌ನಿಂದ ಬರುವ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಕೂಡ ಕಲಬುರಗಿ ಮೇಲೇ ಹೋಗುತ್ತದೆ. ಬೀದರ್‌ನವರಿಗೆ ಲಾತೂರ್ ಮೇಲೆ ಹೋಗುವ ಮುಂಬೈ ರೈಲು ಇದೆ, ಅದು ದಿನಾ ಇಲ್ಲ, ವಾರ ನೋಡಿ ಬುಕ್ ಮಾಡಿ. ಹಡಗು ನಿಲ್ಲುವ ಬಲ್ಲಾರ್ಡ್ ಪಿಯರ್ ಸಿಎಸ್‌ಎಂಟಿಯಿಂದ ಎರಡು ಕಿಲೋಮೀಟರ್ ಒಳಗೇ ಇದೆ, ಸ್ಟೇಷನ್ ಹೊರಗೆ ಟ್ಯಾಕ್ಸಿ ಹಿಡಿದರೆ ಆಯಿತು. ಅದೇ ದಿನ ಬೆಳಿಗ್ಗೆ ರೈಲು ಇಳಿದು ಹಡಗು ಹತ್ತಬಹುದು, ಹತ್ತುವವರೂ ಇದ್ದಾರೆ. ಆದರೆ ಸೊಲ್ಲಾಪುರದ ಹತ್ತಿರ ರೈಲು ಎರಡು ತಾಸು ನಿಂತರೆ ಮನಸ್ಸು ಎಲ್ಲಿರುತ್ತದೆ? ಹಡಗು ಹೊರಡುವುದಕ್ಕೆ ಬಹಳ ಮುಂಚೆಯೇ ಚೆಕ್-ಇನ್ ಮುಚ್ಚುತ್ತಾರೆ, ಆಮೇಲೆ ಯಾರಿಗೂ ಕಾಯುವುದಿಲ್ಲ.

ಬುತ್ತಿ ವಿಷಯ ಈಗಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಊರು ಬಿಡುವುದು ಅಂದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಕಟ್ಟಿಕೊಳ್ಳುವುದು. ಕಟ್ಟಿಕೊಳ್ಳಿ, ಆದರೆ ರೈಲಿನಲ್ಲೇ ಮುಗಿಸಿ. ಮನೆಯಲ್ಲಿ ಮಾಡಿದ ಅಡುಗೆಯನ್ನು ಹೆಚ್ಚಿನ ಹಡಗುಗಳು ಒಳಗೆ ಬಿಡುವುದಿಲ್ಲ, ಸೀಲ್ ಇರುವ ಪ್ಯಾಕೆಟ್‌ಗೆ ಕೆಲವು ಕಡೆ ಮಾತ್ರ ಒಪ್ಪಿಗೆ ಇರುತ್ತದೆ. ಟಿಕೆಟ್ ಜೊತೆ ಬರುವ ನಿಯಮದ ಹಾಳೆ ಓದಿ. ಇಸ್ತ್ರಿ ಪೆಟ್ಟಿಗೆ, ಕೆಟಲ್, ಹೊರಗಿನ ಮದ್ಯ ಕೂಡ ನಡೆಯುವುದಿಲ್ಲ. ಬೆಂಕಿಯಂತೂ ಸುತಾರಾಂ ಇಲ್ಲ. ಇಷ್ಟಲಿಂಗ ಪೂಜೆ ಮಾಡುವವರು ವಿಭೂತಿ ಒಯ್ಯಿರಿ, ಊದುಬತ್ತಿ, ಕರ್ಪೂರ, ದೀಪದ ಬತ್ತಿ ಮನೆಯಲ್ಲೇ ಇರಲಿ. ನೀರಿನ ನಡುವೆ ಹಡಗಿಗೆ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದೇ. ಕ್ಯಾಬಿನ್‌ನಲ್ಲಿ ಹೊಗೆ ಕಂಡುಹಿಡಿಯುವ ಯಂತ್ರ ಇರುತ್ತದೆ, ಅಲಾರಂ ಹೊಡೆದರೆ ಸಿಬ್ಬಂದಿ ಓಡಿ ಬರುತ್ತಾರೆ.

ದೊಡ್ಡ ಬ್ಯಾಗು ಬೇರೆ, ಕೈಚೀಲ ಬೇರೆ

ಟರ್ಮಿನಲ್‌ನಲ್ಲಿ ದೊಡ್ಡ ಬ್ಯಾಗುಗಳನ್ನು ಅವರೇ ತೆಗೆದುಕೊಳ್ಳುತ್ತಾರೆ. ಅದಕ್ಕೆ ಕ್ಯಾಬಿನ್ ನಂಬರ್ ಇರುವ ಟ್ಯಾಗ್ ಕಟ್ಟಿರಬೇಕು. ಸ್ಕ್ಯಾನ್ ಆಗಿ, ಹಡಗಿನ ಹೊಟ್ಟೆ ಸೇರಿ, ಅಲ್ಲಿಂದ ಒಂದೊಂದೇ ಮಹಡಿಗೆ ಹಂಚಿಕೆಯಾಗಿ, ಸಂಜೆ ಯಾವಾಗಲೋ ನಿಮ್ಮ ಬಾಗಿಲ ಮುಂದೆ ಬಂದು ಕೂರುತ್ತದೆ. ಸಾವಿರಾರು ಬ್ಯಾಗು ಇರುತ್ತವೆ, ಕೆಲವು ಸಲ ರಾತ್ರಿ ಊಟದ ಹೊತ್ತಿಗೂ ಬಂದಿರುವುದಿಲ್ಲ. ಗಾಬರಿ ಬೇಡ. ಆದರೆ ಅಲ್ಲಿಯ ತನಕ ಬೇಕಾಗುವುದೆಲ್ಲಾ ಕೈಚೀಲದಲ್ಲಿರಲಿ: ಒರಿಜಿನಲ್ ಆಧಾರ್ ಅಥವಾ ಪಾಸ್‌ಪೋರ್ಟ್, ಬಿಪಿ-ಶುಗರ್ ಮಾತ್ರೆ, ಕನ್ನಡಕ, ಚಾರ್ಜರ್, ಮಗುವಿನ ಹಾಲಿನ ಬಾಟಲಿ, ರಾತ್ರಿ ಊಟಕ್ಕೆ ಹಾಕಿಕೊಳ್ಳುವ ಒಂದು ಜೊತೆ ಬಟ್ಟೆ. ಮಾತ್ರೆಯನ್ನಂತೂ ದೊಡ್ಡ ಬ್ಯಾಗಿನಲ್ಲಿ ಇಡಲೇಬೇಡಿ. ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಇದರಷ್ಟು ಮುಖ್ಯವಾದ ಮಾತು ಈ ಬರಹದಲ್ಲಿ ಇನ್ನೊಂದಿಲ್ಲ.

ಚೆಕ್-ಇನ್‌ನಲ್ಲಿ ಒಂದು ಕಾರ್ಡ್ ಕೊಡುತ್ತಾರೆ. ಕ್ಯಾಬಿನ್ ಬಾಗಿಲು ತೆಗೆಯುವುದಕ್ಕೂ ಅದೇ, ಹಡಗಿನಲ್ಲಿ ಏನಾದರೂ ಕೊಂಡರೆ ಬಿಲ್ ಬೀಳುವುದೂ ಅದಕ್ಕೇ, ಗೋವಾದಲ್ಲಿ ಇಳಿದು ಮತ್ತೆ ಹತ್ತುವಾಗ ಗುರುತಿನ ಚೀಟಿಯೂ ಅದೇ. ಹಡಗಿನೊಳಗೆ ನೋಟು ನಡೆಯುವುದಿಲ್ಲ. ಆ ಕಾರ್ಡಿಗೆ ನಿಮ್ಮ ಬ್ಯಾಂಕ್ ಕಾರ್ಡ್ ಜೋಡಿಸಬೇಕು, ಇಲ್ಲವೇ ಮೊದಲೇ ಇಷ್ಟು ಅಂತ ದುಡ್ಡು ಕಟ್ಟಬೇಕು. ವಯಸ್ಸಾದವರಿಗೆ ಕೊರಳಿಗೆ ಹಾಕುವ ದಾರ ಕೊಡಿಸಿ, ಕಾರ್ಡ್ ಕಳೆಯುವುದಿಲ್ಲ.

ಕ್ಯಾಬಿನ್ ಒಳಗೆ

ಮೊದಲ ಸಲ ನೋಡಿದವರು "ಇಷ್ಟೇನಾ?" ಅಂತಾರೆ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ನಿಜಕ್ಕೂ ಸಣ್ಣದು. ಆದರೆ ಜಾಗವನ್ನು ಬಹಳ ಲೆಕ್ಕ ಹಾಕಿ ಮಾಡಿರುತ್ತಾರೆ. ಬಟ್ಟೆ ತೆಗೆದು ಕಪಾಟಿಗೆ ಹಾಕಿ, ಖಾಲಿ ಸೂಟ್‌ಕೇಸ್ ಮಂಚದ ಕೆಳಗೆ ತಳ್ಳಿ, ಓಡಾಡುವ ಜಾಗ ತಾನಾಗೇ ಬರುತ್ತದೆ. ಹೆಚ್ಚಿನ ಹಡಗಿನ ಗೋಡೆ ಉಕ್ಕಿನದು. ಆಯಸ್ಕಾಂತದ ಕೊಕ್ಕೆ ಒಯ್ದರೆ ಟವೆಲ್, ಟೋಪಿ, ಮಕ್ಕಳ ಒದ್ದೆ ಬಟ್ಟೆ ಎಲ್ಲಾ ಗೋಡೆಗೇ ತೂಗಬಹುದು. ಬಚ್ಚಲ ಬಾಗಿಲಲ್ಲಿ ಎತ್ತರದ ಹೊಸ್ತಿಲು ಇರುತ್ತದೆ, ರಾತ್ರಿ ಎದ್ದಾಗ ಅವ್ವ, ಅಪ್ಪ ಎಡವದ ಹಾಗೆ ಮೊದಲೇ ತೋರಿಸಿಡಿ. ಸಂಡಾಸ ನೀರಿನಿಂದ ಅಲ್ಲ, ಗಾಳಿಯ ಸೆಳೆತದಿಂದ ಹೋಗುವುದು. ಬಟನ್ ಒತ್ತಿದರೆ ಜೋರಾಗಿ ಸದ್ದು ಬರುತ್ತದೆ, ಮಕ್ಕಳು ಹೆದರುತ್ತಾರೆ. ಅದರೊಳಗೆ ಪೇಪರ್ ಬಿಟ್ಟು ಬೇರೇನೂ ಹಾಕಬೇಡಿ, ಒಂದು ಕಡೆ ಕಟ್ಟಿಕೊಂಡರೆ ಅಕ್ಕಪಕ್ಕದ ಕ್ಯಾಬಿನ್‌ಗೂ ತೊಂದರೆ. ತೊಳೆದುಕೊಳ್ಳುವ ನೀರಿನ ಜೆಟ್ ಎಲ್ಲಾ ಹಡಗಿನಲ್ಲೂ ಇರುವುದಿಲ್ಲ, ಒಂದು ಸಣ್ಣ ಪ್ಲಾಸ್ಟಿಕ್ ಮಗ್ ಇಟ್ಟುಕೊಂಡಿರಿ.

ಕ್ಯಾಬಿನ್ ನೋಡಿಕೊಳ್ಳುವ ಸಿಬ್ಬಂದಿ ಬಂದು ಮಾತಾಡಿಸುತ್ತಾರೆ. ಆಗಲೇ ಹೇಳಿಬಿಡಿ, ಎರಡು ಮಂಚ ಜೋಡಿಸಬೇಕಾ ಬಿಡಿಸಬೇಕಾ, ಹೆಚ್ಚಿಗೆ ದಿಂಬು ಬೇಕಾ ಅಂತ. ನಮ್ಮವರು ಸಂಕೋಚ ಜಾಸ್ತಿ ಮಾಡುತ್ತಾರೆ, ಮಾಡಬೇಡಿ. ಮುಂಬೈ ಹಡಗುಗಳಲ್ಲಿ ಹಿಂದಿ ಬರುವ ಸಿಬ್ಬಂದಿ ಇದ್ದೇ ಇರುತ್ತಾರೆ, ನಮ್ಮ ಕಲಬುರಗಿ-ಬೀದರ್ ಹಿಂದಿಯಲ್ಲಿ ಆರಾಮಾಗಿ ಕೆಲಸ ಆಗುತ್ತದೆ.

ಬಾಲ್ಕನಿ ಇರುವ ಕ್ಯಾಬಿನ್ ತೆಗೆದುಕೊಂಡಿದ್ದರೆ ಒಂದೇ ಮಾತು. ಕುರ್ಚಿಯನ್ನು ಕಟಕಟೆಯಿಂದ ದೂರ ಇಡಿ. ಮಕ್ಕಳು ಹತ್ತಿ ನಿಲ್ಲುತ್ತಾರೆ.

ದಾರಿ ತಪ್ಪುವುದು ಸಹಜ. 2021ರಲ್ಲಿ ಮುಂಬೈನಿಂದ ಓಡಾಟ ಶುರು ಮಾಡಿದ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗನ್ನೇ ತೆಗೆದುಕೊಳ್ಳಿ. ಫ್ರಾನ್ಸ್‌ನಲ್ಲಿ ಕಟ್ಟಿದ್ದು, 1990ರಲ್ಲಿ ಪ್ರಯಾಣ ಶುರು ಮಾಡಿದ್ದು, ಆಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್. ಉದ್ದ ಸುಮಾರು 211 ಮೀಟರ್. ಈಗಿನ ದೊಡ್ಡ ಹಡಗುಗಳ ಮುಂದೆ ಇದು ಚಿಕ್ಕದೇ, ಆದರೂ ಒಂದೇ ಥರದ ಬಾಗಿಲು, ಒಂದೇ ಥರದ ಕಾರ್ಪೆಟ್ಟು, ಯಾವ ಕಡೆ ಹೋದರೆ ಲಿಫ್ಟ್ ಅಂತ ತಿಳಿಯುವುದಿಲ್ಲ. ಲಿಫ್ಟಿನಿಂದ ಇಳಿದು ಎಡಕ್ಕೋ ಬಲಕ್ಕೋ, ಕ್ಯಾಬಿನ್ ಹಡಗಿನ ಮುಂದಿನ ಭಾಗದಲ್ಲಾ ಹಿಂದಿನ ಭಾಗದಲ್ಲಾ, ಇಷ್ಟು ನೆನಪಿಟ್ಟುಕೊಂಡು ಊಟದ ಹಾಲ್ ತನಕ ಒಂದು ಸಲ ಎಲ್ಲರೂ ಒಟ್ಟಿಗೆ ನಡೆದು ಬನ್ನಿ. ಕತ್ತಲಾದ ಮೇಲೆ ಹುಡುಕುವುದು ತಪ್ಪುತ್ತದೆ.

ಡ್ರಿಲ್ ತಪ್ಪಿಸಬೇಡಿ

ಹಡಗು ಹೊರಡುವ ಮುಂಚೆ ಸುರಕ್ಷತಾ ಡ್ರಿಲ್, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು ಅನ್ನುವ ತಾಲೀಮು ಇರುತ್ತದೆ. ಏಳು ಸಣ್ಣ ಸೈರನ್, ಆಮೇಲೆ ಒಂದು ಉದ್ದದ್ದು. ಅದು ಕೇಳಿದರೆ ನಿಮ್ಮ ಕಾರ್ಡಿನ ಮೇಲೆ ಬರೆದ ಜಾಗಕ್ಕೆ ಹೋಗಬೇಕು. ಕೆಲವು ಹಡಗಿನಲ್ಲಿ ಮೊದಲು ವಿಡಿಯೋ ನೋಡಿ, ಆಮೇಲೆ ಆ ಜಾಗಕ್ಕೆ ಹೋಗಿ ಹಾಜರಿ ಹಾಕಿಸಿ ಬಂದರೆ ಸಾಕು. "ಇದೇನು, ಸುಮ್ನೆ" ಅಂತ ಕ್ಯಾಬಿನ್‌ನಲ್ಲಿ ಮಲಗಿಬಿಡುವವರನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ.

1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಹಡಗಿನ ಸುರಕ್ಷತೆಗೆ ಹಲವು ದೇಶಗಳು ಕೂಡಿ ಮೊದಲ ಒಪ್ಪಂದ ಮಾಡಿಕೊಂಡವು. ಅದು ಬೆಳೆಯುತ್ತಾ ಬಂದರೂ, ಪ್ರಯಾಣಿಕರು ಹತ್ತಿದ 24 ಗಂಟೆಯೊಳಗೆ ಡ್ರಿಲ್ ಮಾಡಿದರೆ ಸಾಕು ಅನ್ನುವ ನಿಯಮವೇ ಬಹಳ ಕಾಲ ಇತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿತು, 32 ಜನ ತೀರಿಹೋದರು. ಅದೇ ದಿನ ಹತ್ತಿದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ, ಮರುದಿನಕ್ಕೆ ಇಟ್ಟಿದ್ದರು. ಊಟದ ಹೊತ್ತಿನಲ್ಲಿ ನಡೆದ ಅಪಘಾತ ಅದು. ಆಮೇಲೆ ನಿಯಮ ಬದಲಾಯಿತು. 2015ರಿಂದ, ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ನೀವು ಕೊಡುವ ಆ ಅರ್ಧ ತಾಸಿನ ಹಿಂದೆ ಇಷ್ಟು ಇದೆ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಲ್ಲಿದೆ ಅಂತ ಆಗಲೇ ಕೇಳಿ, ಕ್ಯಾಬಿನ್‌ನಲ್ಲಿ ಇಲ್ಲದಿದ್ದರೆ ತರಿಸಿಕೊಳ್ಳಿ.

ದಡ ಬಿಡುವಾಗ

ಮೇಲಿನ ಡೆಕ್‌ಗೆ ಹೋಗಿ, ಬಲಗಡೆ ನಿಲ್ಲಿ. ಬಲ್ಲಾರ್ಡ್ ಪಿಯರ್ ಬಿಟ್ಟ ಹಡಗು ಬಂದರಿನಿಂದ ದಕ್ಷಿಣಕ್ಕೆ ಹೋಗುತ್ತದೆ. ಆಗ ಊರೆಲ್ಲಾ ನಿಮ್ಮ ಬಲಕ್ಕೆ ಬರುತ್ತದೆ. ಗೇಟ್‌ವೇ, ತಾಜ್ ಹೋಟೆಲಿನ ಗುಮ್ಮಟ, ಆಮೇಲೆ ಕೊಲಾಬಾದ ತುದಿ, ಅದರಾಚೆ ನೀರಿನಲ್ಲಿ ಒಂಟಿಯಾಗಿ ನಿಂತ ಪ್ರಾಂಗ್ಸ್ ದೀಪಸ್ತಂಭ. ಸಂಜೆ ಹೊರಟಿದ್ದರೆ ಸೂರ್ಯ ಮುಳುಗುವುದೂ ಅದೇ ಕಡೆ. ಎಡಗಡೆ ನಿಂತವರಿಗೆ ಕಾಣುವುದು ನ್ಹಾವಾ ಶೇವಾ ಬಂದರಿನ ಕ್ರೇನ್‌ಗಳು.

ಮನೆಗೆ ಫೋನ್ ಮಾಡುವುದಿದ್ದರೆ ಆಗಲೇ ಮಾಡಿ. ದಡದಿಂದ ದೂರ ಹೋದ ಹಾಗೆ ಸಿಗ್ನಲ್ ಹೋಗುತ್ತದೆ. ಆಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಯಾಕಂದ್ರೆ ಹಡಗುಗಳಲ್ಲಿ ಉಪಗ್ರಹದ ಮೂಲಕ ನಡೆಯುವ ಬೇರೆ ನೆಟ್‌ವರ್ಕ್ ಇರುತ್ತದೆ, ರೋಮಿಂಗ್ ಆನ್ ಇದ್ದರೆ ಫೋನ್ ತಾನಾಗೇ ಅದಕ್ಕೆ ಸೇರಿಕೊಂಡು ಬಿಲ್ ಏರಿಸುತ್ತದೆ. ವೈಫೈಗೆ ಬೇರೆ ದುಡ್ಡು. "ನಾಳೆ ಗೋವಾ ಮುಟ್ಟಿ ಫೋನ್ ಮಾಡ್ತೀವಿ" ಅಂತ ಊರಿನವರಿಗೆ ಮೊದಲೇ ಹೇಳಿಟ್ಟರೆ ಅವರೂ ನಿದ್ದೆ ಮಾಡುತ್ತಾರೆ.

ತಲೆಸುತ್ತಿನ ಮಾತ್ರೆಯೂ ಇದೇ ಹೊತ್ತಿಗೆ. ಬಂದರಿನಲ್ಲಿ ನೀರು ಶಾಂತವಾಗಿರುತ್ತದೆ, ಹೊರಗಿನ ಸಮುದ್ರಕ್ಕೆ ಬಂದ ಮೇಲೆ ಹಡಗು ನಿಧಾನಕ್ಕೆ ತೂಗಲು ಶುರುವಾಗುತ್ತದೆ. ಕಿವಿಯ ಒಳಗಿನ ಸಮತೋಲದ ಭಾಗಕ್ಕೆ ಓಲಾಟ ತಿಳಿಯುತ್ತದೆ, ಕಣ್ಣಿಗೆ ಮಾತ್ರ ಕೋಣೆ ನಿಂತ ಹಾಗೆ ಕಾಣುತ್ತದೆ. ಎರಡಕ್ಕೂ ತಾಳ ತಪ್ಪಿದಾಗ ಹೊಟ್ಟೆ ತೊಳಸುತ್ತದೆ. ಯಾವ ಮಾತ್ರೆ ಅಂತ ನಿಮ್ಮ ಡಾಕ್ಟರ್‌ನ್ನು ಊರಲ್ಲೇ ಕೇಳಿಟ್ಟುಕೊಳ್ಳಿ, ಗರ್ಭಿಣಿಯರು ಮತ್ತು ಬೇರೆ ಮಾತ್ರೆ ನುಂಗುವ ಹಿರಿಯರು ಕೇಳಲೇಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅಷ್ಟು ಉಪಯೋಗವಿಲ್ಲ. ತೊಳಸಿದ ಹಾಗೆ ಆದರೆ ಡೆಕ್‌ಗೆ ಬಂದು ದೂರದ ನೀರಿನ ಅಂಚನ್ನು ನೋಡುತ್ತಾ ನಿಲ್ಲಿ, ಬಾಯಲ್ಲಿ ಒಂದು ಚೂರು ಶುಂಠಿ ಇರಲಿ. ಹಡಗಿನ ನಡುಭಾಗದ, ಕೆಳಗಿನ ಮಹಡಿಯ ಕ್ಯಾಬಿನ್‌ಗೆ ಓಲಾಟ ಕಡಿಮೆ, ಹಿರಿಯರಿಗೆ ಬುಕ್ ಮಾಡುವಾಗ ಅದನ್ನೇ ಕೇಳಿ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಜೋರಾಗಿರುತ್ತದೆ, ಮೊದಲ ಸಲ ಹೋಗುವವರಿಗೆ ಚಳಿಗಾಲವೇ ಒಳ್ಳೆಯದು.

ಇನ್ನು ಊಟ

ಹತ್ತಿದ ಕೂಡಲೇ ಎಲ್ಲರೂ ಬಫೆಗೆ ನುಗ್ಗುತ್ತಾರೆ. ದೊಡ್ಡ ಊಟದ ಹಾಲ್ ಆಗ ತೆರೆದಿದೆಯಾ ಅಂತ ಒಂದು ಮಾತು ಕೇಳಿ, ತೆರೆದಿದ್ದರೆ ಅಲ್ಲಿ ಗದ್ದಲ ಕಡಿಮೆ. ಬಫೆಗೇ ಹೋದರೂ ಮೊದಲು ಖಾಲಿ ಕೈಯಲ್ಲಿ ಒಂದು ಸುತ್ತು ಹಾಕಿ. ಏನೇನಿದೆ ನೋಡಿ, ಆಮೇಲೆ ತಟ್ಟೆ ಹಿಡಿಯಿರಿ. ಮೊದಲ ಕೌಂಟರ್‌ನಲ್ಲೇ ತಟ್ಟೆ ತುಂಬಿಸಿಕೊಂಡರೆ ಆಮೇಲೆ ಸಿಗುವ ಒಳ್ಳೆಯದಕ್ಕೆ ಜಾಗ ಇರುವುದಿಲ್ಲ. ಬಾಗಿಲಲ್ಲಿ ಕೈ ತೊಳೆಯಿರಿ ಅನ್ನುತ್ತಾರೆ, ಸೋಪು ಹಚ್ಚಿ ತೊಳೆಯಿರಿ. ಹಡಗಿನಂಥ ಮುಚ್ಚಿದ ಜಾಗದಲ್ಲಿ ನೊರೊವೈರಸ್ ಬಂದರೆ ವಾಂತಿ-ಭೇದಿ ಬೇಗ ಹರಡುತ್ತದೆ, ಅದಕ್ಕೆ ಸ್ಯಾನಿಟೈಸರ್‌ಗಿಂತ ಸೋಪು ನೀರೇ ಮೇಲು.

ಶುದ್ಧ ಸಸ್ಯಾಹಾರಿಗಳಿಗೆ ಮುಂಬೈನಿಂದ ಹೊರಡುವ ಹಡಗಿನಲ್ಲಿ ತೊಂದರೆ ಇಲ್ಲ, ಜೈನ್ ಊಟವೂ ಇರುತ್ತದೆ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಗಜ್ಜರಿ ಯಾವುದೂ ಇಲ್ಲ. ಮನೆಯಲ್ಲಿ ಸೋಮವಾರ, ಶ್ರಾವಣ ಅಂತ ಈರುಳ್ಳಿ-ಬೆಳ್ಳುಳ್ಳಿ ಬಿಡುವವರು ಆ ಕೌಂಟರ್ ಹುಡುಕಿಕೊಳ್ಳಿ. ಸಿಂಗಾಪುರದಿಂದಲೋ ದುಬೈನಿಂದಲೋ ವಿದೇಶಿ ಹಡಗು ಹತ್ತುವವರು ಮಾತ್ರ ಬುಕ್ ಮಾಡುವಾಗಲೇ ಬರೆಸಿ, ಮೊದಲ ರಾತ್ರಿ ಮತ್ತೆ ಬಾಯಿಬಿಟ್ಟು ಹೇಳಿ: ಮಾಂಸ, ಮೀನು, ಮೊಟ್ಟೆ ಬೇಡ, ಮೀನಿನ ಸಾಸ್ ಬೇಡ. ಅಲ್ಲಿ ಸೂಪಿಗೆ ಮಾಂಸದ ರಸ ಹಾಕುವುದುಂಟು, ಹೆಸರು ನೋಡಿ ತಿಳಿಯುವುದಿಲ್ಲ. ಹಲಾಲ್ ಬೇಕಾದವರೂ ಇದೇ ರೀತಿ ಮುಂಚೆಯೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ರಾತ್ರಿಯ ಊಟವನ್ನು ಬಫೆಯಲ್ಲಿ ಅಲ್ಲ, ದೊಡ್ಡ ಹಾಲ್‌ನಲ್ಲೇ ಮಾಡಿ ಅಂತ ನಾನು ಒತ್ತಿ ಹೇಳುತ್ತೇನೆ. ಕೆಲವು ಹಡಗಿನಲ್ಲಿ ಎರಡು ಪಂಕ್ತಿ, ಒಂದು ಸಂಜೆ ಆರು-ಆರೂವರೆಗೆ, ಇನ್ನೊಂದು ಎಂಟರ ಮೇಲೆ. ನಮ್ಮೂರಲ್ಲಿ ಒಂಬತ್ತಕ್ಕೆ ಮುಂಚೆ ಯಾರು ಊಟ ಮಾಡುತ್ತಾರೆ ಅಲ್ವಾ, ಆದರೂ ಶುಗರ್ ಇರುವವರು, ಸಣ್ಣ ಮಕ್ಕಳು ಇದ್ದರೆ ಮೊದಲನೆಯದೇ ಸರಿ. ಊಟ ಅರಗಲು ಹೊತ್ತು ಸಿಗುತ್ತದೆ, ಆಮೇಲೆ ನಡೆಯುವ ಶೋ ಕೂಡ ತಪ್ಪುವುದಿಲ್ಲ. ಸಿಕ್ಕ ಪಂಕ್ತಿ ಬೇಡವಾದರೆ ಬದಲಾಯಿಸಿ ಅಂತ ಹತ್ತಿದ ಮಧ್ಯಾಹ್ನವೇ ಹಾಲ್‌ನ ಮೇಲ್ವಿಚಾರಕರ ಹತ್ತಿರ ಹೋಗಿ ಕೇಳಿ. ನಾಲ್ಕು ಮನೆಯವರು ಒಂದೇ ಮೇಜಿಗೆ ಕೂರಬೇಕು ಅಂದರೂ ಆಗಲೇ. ಸಂಜೆ ಕೇಳಿದರೆ ತುಂಬಿಹೋಗಿರುತ್ತದೆ. ಬಟ್ಟೆಗೆ ಸೂಟು-ಬೂಟು ಏನೂ ಬೇಡ. ಚಡ್ಡಿ, ಬನಿಯನ್, ರಬ್ಬರ್ ಚಪ್ಪಲಿ ಬೇಡ ಅಷ್ಟೇ. ಇಳಕಲ್ ಸೀರೆ ಉಟ್ಟು ಹೋದರೆ ಇಡೀ ಹಾಲ್ ತಿರುಗಿ ನೋಡುತ್ತದೆ.

ಕೂತ ಮೇಲೆ ಮೆನು ಕೊಡುತ್ತಾರೆ. ಮೊದಲು ತಿಂಡಿ ಅಥವಾ ಸೂಪ್, ಆಮೇಲೆ ಊಟ, ಕೊನೆಗೆ ಸಿಹಿ. ಒಂದೊಂದರಲ್ಲೂ ಒಂದೇ ಆರಿಸಬೇಕು ಅಂತೇನಿಲ್ಲ. ಎರಡು ಸೂಪ್ ಕೇಳಬಹುದು, ಹಿಡಿಸದಿದ್ದರೆ ಬೇರೆ ತರಿಸಬಹುದು, ಸಾಮಾನ್ಯವಾಗಿ ಅದಕ್ಕೆ ಹೆಚ್ಚಿನ ದುಡ್ಡು ಇಲ್ಲ. ಚಾಕು-ಚಮಚ ಸಾಲಾಗಿ ಇಟ್ಟಿರುತ್ತಾರೆ, ಹೊರಗಿನದರಿಂದ ಒಳಗೆ ಬಳಸುತ್ತಾ ಬನ್ನಿ. ಚಪಾತಿ, ನಾನ್ ಬಂದರೆ ಕೈಯಲ್ಲೇ ಮುರಿದು ತಿನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಜೋಳದ ರೊಟ್ಟಿ ಸಿಗುವುದಿಲ್ಲ. ಖಾರವೂ ನಮ್ಮ ನಾಲಿಗೆಗೆ ಸಾಲದು. ನಮ್ಮ ಕಾಕಾ ಪನೀರ್ ಪಲ್ಯ ಒಂದು ತುತ್ತು ತಿಂದು, ವೇಟರ್‌ನನ್ನು ಕರೆದು, "ಬೇಟಾ, ಹರಿ ಮಿರ್ಚಿ ಔರ್ ಕಚ್ಚಾ ಪ್ಯಾಜ್" ಅಂದರು. ಆ ಹುಡುಗ ಒಂದು ತಟ್ಟೆಯಲ್ಲಿ ಸೀಳಿದ ಹಸಿಮೆಣಸಿನಕಾಯಿ, ಉಂಗುರದ ಹಾಗೆ ಕೊಯ್ದ ಈರುಳ್ಳಿ, ನಿಂಬೆ ಹೋಳು, ಬದಿಯಲ್ಲಿ ಒಂದು ಚಿಟಿಕೆ ಉಪ್ಪು ಇಟ್ಟು ತಂದ. ಮರುದಿನ ರಾತ್ರಿ ನಾವು ಕೂರುವ ಮುಂಚೆಯೇ ಆ ತಟ್ಟೆ ಮೇಜಿನ ಮೇಲಿತ್ತು. ಒಂದೇ ಮೇಜು, ಒಬ್ಬನೇ ವೇಟರ್ ಇರುವ ಪಂಕ್ತಿಯ ಊಟದಲ್ಲಿ ಇರುವ ಸುಖ ಇದು. ಮೊದಲ ರಾತ್ರಿ ಹೇಳಿದ್ದನ್ನು ಅವರು ನೆನಪಿಡುತ್ತಾರೆ. ಯಾರಿಗೆ ಸಕ್ಕರೆ ಇಲ್ಲದ ಚಹಾ, ಯಾರಿಗೆ ಮೊಸರನ್ನ, ಯಾವ ಮಗುವಿಗೆ ಶೇಂಗಾ ಆಗಿಬರುವುದಿಲ್ಲ, ಎಲ್ಲಾ ಅವತ್ತೇ ಹೇಳಿ. ಅಲರ್ಜಿ ಇದ್ದರೆ ಮೇಲ್ವಿಚಾರಕರಿಗೂ ಹೇಳಿ.

ಒಂದು ಎಚ್ಚರ. ಎಲ್ಲಾ ಫ್ರೀ ಅಂದುಕೊಳ್ಳಬೇಡಿ. ಬಫೆ, ದೊಡ್ಡ ಹಾಲ್ ಟಿಕೆಟ್‌ನಲ್ಲೇ ಬರುತ್ತವೆ. ಬೇರೆ ಹೆಸರಿನ ವಿಶೇಷ ರೆಸ್ಟೋರೆಂಟ್, ತಂಪು ಪಾನೀಯ, ಮದ್ಯ, ಸ್ಪೆಷಲ್ ಕಾಫಿ, ಕ್ಯಾಬಿನ್‌ನಲ್ಲಿಟ್ಟ ಬಾಟಲಿ ನೀರು ಕೂಡ ಎಷ್ಟೋ ಕಡೆ ದುಡ್ಡಿನದೇ. ಬಫೆಯ ಹತ್ತಿರ ಕುಡಿಯುವ ನೀರಿನ ಯಂತ್ರ ಇರುತ್ತದೆ, ಖಾಲಿ ಬಾಟಲಿ ಒಯ್ದು ತುಂಬಿಸಿಕೊಳ್ಳಿ. ಮಕ್ಕಳ ಕಾರ್ಡಿನಲ್ಲಿ ಖರ್ಚು ಬೀಳದ ಹಾಗೆ ರಿಸೆಪ್ಷನ್‌ನಲ್ಲಿ ಹೇಳಿ ಬಂದ್ ಮಾಡಿಸಿ, ಇಲ್ಲದಿದ್ದರೆ ಐಸ್‌ಕ್ರೀಮ್, ವಿಡಿಯೋ ಗೇಮ್ ಅಂತ ಅದು ಓಡುತ್ತಲೇ ಇರುತ್ತದೆ. ಸಿಬ್ಬಂದಿಯ ಸೇವಾ ಶುಲ್ಕವನ್ನು ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಕೆಲವು ಕಂಪನಿಗಳು ಬಿಲ್ಲಿಗೆ ಸೇರಿಸುತ್ತವೆ, ಅದು ಟಿಕೆಟ್‌ನಲ್ಲಿ ಬಂತಾ ಇಲ್ಲವಾ ಮೊದಲೇ ನೋಡಿ.

ಮಲಗುವ ಮುಂಚೆ ರಿಸೆಪ್ಷನ್ ಕಡೆ ಹಾಯ್ದು, ಇಲ್ಲವೇ ಕ್ಯಾಬಿನ್ ಟಿವಿಯಲ್ಲೋ ಆಪ್‌ನಲ್ಲೋ, ನಿಮ್ಮ ಖಾತೆಗೆ ಅವತ್ತು ಏನೇನು ಬಿದ್ದಿದೆ ನೋಡಿ. ನಿಮ್ಮದಲ್ಲದ ಒಂದು ಕೋಕ್ ಬಿದ್ದಿದ್ದರೂ ಅವತ್ತೇ ಹೇಳಿದರೆ ಎರಡು ನಿಮಿಷದಲ್ಲಿ ತೆಗೆಯುತ್ತಾರೆ. ಕೊನೆಯ ದಿನ ಬೆಳಿಗ್ಗೆ ಅದೇ ಕೌಂಟರ್ ಮುಂದೆ ಉದ್ದ ಸಾಲು ಇರುತ್ತದೆ, ಕೆಳಗೆ ನಿಮ್ಮ ಟ್ಯಾಕ್ಸಿ ಕಾಯುತ್ತಿರುತ್ತದೆ, ಸಿಎಸ್‌ಎಂಟಿಯಲ್ಲಿ ಊರಿನ ರೈಲು ಹಿಡಿಯಬೇಕಿರುತ್ತದೆ.